ಅಮ್ಮನನ್ನು ಹೊರಗೆ ಕೂರಿಸಲು ಬಂದರೆ ಅರ್ಧ ತರಬೇತಿ ಮುಗಿಯಿತು

ಹದಿಹರೆಯದವರ ಆರೋಗ್ಯದ ಬಗ್ಗೆ ಒಂದು ದಿನದ ತರಬೇತಿ ಇದೆ ಎಂದು ನಮ್ಮ ಡಾಕ್ಟರು, ಸಿಸ್ಟರ್‌ಗಳ ವಾಟ್ಸ್ಯಾಪ್ ಗುಂಪಿನಲ್ಲಿ ಹಾಕಿದ ಕೂಡಲೇ ಬರುವ ಪ್ರಶ್ನೆಗಳು ನನಗೆ ಬಾಯಿಪಾಠವಾಗಿವೆ. ಸರ್ಟಿಫಿಕೇಟ್ ಕೊಡ್ತೀರಾ? ಕ್ರೆಡಿಟ್ ಪಾಯಿಂಟ್ ಎಷ್ಟು? ಬರೋಕಾಗಲ್ಲ, ಪಿಪಿಟಿ ಕಳಿಸ್ತೀರಾ? ಊಟ ಇದೆಯಾ? ಕೊನೆಯ ಪ್ರಶ್ನೆಗೆ ನನ್ನ ತಕರಾರಿಲ್ಲ. ಮುಂಬೈಯ ಲೋಕಲ್ ರೈಲು ನಿಲ್ಲಿಸಿ ರಿಪೇರಿ ಮಾಡುವ ಭಾನುವಾರದ ಮೆಗಾ ಬ್ಲಾಕ್ ದಾಟಿಕೊಂಡು ಡೊಂಬಿವಲಿಯಿಂದಲೋ ವಸಾಯಿಯಿಂದಲೋ ಬರುವವರಿಗೆ ಊಟವಾದರೂ ಚೆನ್ನಾಗಿ ಸಿಗಬೇಕು, ಅಲ್ವಾ. ಕ್ರೆಡಿಟ್ ಕೇಳುವುದೂ ಅರ್ಥವಾಗುತ್ತದೆ. ರಿಜಿಸ್ಟ್ರೇಷನ್ ನವೀಕರಿಸಲು ಮೆಡಿಕಲ್ ಕೌನ್ಸಿಲ್ ಅದನ್ನು ಕೇಳುತ್ತದೆ.

ಆದರೆ ಒಂದು ಪ್ರಶ್ನೆ ಮಾತ್ರ ಯಾರೂ ಕೇಳುವುದಿಲ್ಲ. ಅಲ್ಲಿ ನಾವು ಏನು ಮಾಡಿ ನೋಡಬೇಕು? ಎಲ್ಲರಿಗೂ ಕೇಳಿಸಿಕೊಂಡು ಹೋಗುವ ತರಬೇತಿ ಬೇಕು. ಪಿಸಿಓಡಿ ಎಂಬ ಅಂಡಾಶಯದ ತೊಂದರೆ, ಮೊಡವೆ, ಮೊಬೈಲ್ ಚಟ, ಪರೀಕ್ಷೆಯ ಭಯ ಹೀಗೆ ಒಂದೊಂದು ವಿಷಯಕ್ಕೂ ಒಬ್ಬೊಬ್ಬ ಭಾಷಣಕಾರರು. ಇದೆಲ್ಲ ನಮ್ಮ ಡಾಕ್ಟರುಗಳಿಗೂ ಸಿಸ್ಟರ್‌ಗಳಿಗೂ ಆಗಲೇ ಗೊತ್ತು, ಗೊತ್ತಿಲ್ಲದ್ದನ್ನು ಪುಸ್ತಕದಲ್ಲಿ ನೋಡಿಕೊಳ್ಳಬಹುದು. ಅವರಿಗೆ ಬರದಿರುವುದು ಬೇರೆಯೇ ಇದೆ. ಹದಿನಾರರ ಹುಡುಗಿಯ ಪಕ್ಕದಲ್ಲಿ ಕೂತ ತಾಯಿಗೆ, ಅವರ ಮನಸ್ಸು ನೋಯದಂತೆ, "ನೀವು ಸ್ವಲ್ಪ ಹೊರಗೆ ಕೂತಿರಿ" ಎಂದು ಹೇಳಲು ಬರುವುದಿಲ್ಲ.

ಇಷ್ಟೇನಾ ಎನ್ನಬೇಡಿ. ನನ್ನ ಅನುಭವದಲ್ಲಿ ಹತ್ತರಿಂದ ಹತ್ತೊಂಬತ್ತು ವರ್ಷದವರ ಚಿಕಿತ್ಸೆ ಕೆಡುವುದು ಜಾಸ್ತಿ ಇಲ್ಲೇ. ಔಷಧಿಯಿಂದ ಕೆಟ್ಟದ್ದು ಕಡಿಮೆ.

ನಮ್ಮ ವೃತ್ತಿಯಲ್ಲಿ 'ಹೆಡ್ಸ್' ಎಂಬ ಪ್ರಶ್ನೆಗಳ ಸರಣಿ ಇದೆ. 1988ರಲ್ಲಿ ಗೋಲ್ಡನ್‌ರಿಂಗ್ ಮತ್ತು ಕೋಹೆನ್ ಎಂಬ ಅಮೆರಿಕದ ಇಬ್ಬರು ವೈದ್ಯರು ಅದನ್ನು ಪ್ರಕಟಿಸಿದರು, 2004ರಲ್ಲಿ ಅದು ಇನ್ನಷ್ಟು ಬೆಳೆಯಿತು. ಮನೆ, ಓದು ಅಥವಾ ಕೆಲಸ, ಊಟ, ಗೆಳೆಯರು, ಸಿಗರೇಟು ಮತ್ತು ನಶೆ, ಲೈಂಗಿಕ ವಿಷಯ, ಬೇಸರ ಮತ್ತು ಸಾಯುವ ಯೋಚನೆ, ಸುರಕ್ಷತೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಮನೆಯಲ್ಲಿ ಯಾರ್‍ಯಾರಿದ್ದೀರಿ ಎಂದು ಶುರುಮಾಡಿ, ಮಗು ಸ್ವಲ್ಪ ಸಡಿಲವಾದ ಮೇಲೆ ಆಳಕ್ಕೆ ಇಳಿಯಬೇಕು. ತರಬೇತಿಗಳಲ್ಲಿ ಇದನ್ನು ತಪ್ಪದೆ ಹೇಳಿಕೊಡುತ್ತಾರೆ. ಆಮೇಲೆ ಏನಾಗುತ್ತದೆ ಗೊತ್ತಾ? ಅದನ್ನು ಜೆರಾಕ್ಸ್ ಮಾಡಿಸಿ ಫಾರ್ಮ್ ಮಾಡಿಕೊಳ್ಳುತ್ತಾರೆ. ತಾಯಿ ಎದುರಿಗೇ ಕೂತಿರುತ್ತಾರೆ. "ಸಿಗರೇಟ್ ಸೇದ್ತೀಯಾ?" "ಇಲ್ಲ." ಟಿಕ್. "ಗರ್ಲ್‌ಫ್ರೆಂಡ್ ಇದ್ದಾಳಾ?" "ಇಲ್ಲ." ಟಿಕ್. "ಸಾಯಬೇಕು ಅನಿಸುತ್ತಾ?" ಹುಡುಗ ಅಮ್ಮನ ಮುಖ ನೋಡುತ್ತಾನೆ. "ಇಲ್ಲ." ಟಿಕ್. ಫಾರ್ಮ್ ತುಂಬಿತು, ಫೈಲಿಗೆ ಹೋಯಿತು. ಅದರಲ್ಲಿರುವ ಒಂದು ಉತ್ತರವನ್ನೂ ನಂಬುವ ಹಾಗಿಲ್ಲ. ಪ್ರಶ್ನೆ ಕೇಳದಿದ್ದರೇ ವಾಸಿ ಇತ್ತು. ಈಗ ಆ ಹುಡುಗ ಒಮ್ಮೆ 'ಇಲ್ಲ' ಎಂದುಬಿಟ್ಟಿದ್ದಾನೆ. ಮುಂದಿನ ಸಲ ಅದನ್ನು ತಿರುಗಿಸಿ ಹೇಳುವುದು ಅವನಿಗೆ ಇನ್ನೂ ಕಷ್ಟ.

ಹಾಗಾಗಿ ಈ ಒಂದು ವಿಷಯವನ್ನು ಬಿಡಿಸಿ ಹೇಳುತ್ತೇನೆ. ಗೊತ್ತಿರುವವರು ಬೇಸರ ಮಾಡಿಕೊಳ್ಳಬೇಡಿ.

ಮೊದಲು ತಾಯಿ ಮಗು ಇಬ್ಬರನ್ನೂ ಕೂರಿಸಿ ತಾಯಿಯ ಮಾತು ಕೇಳಿ. ಪೂರ್ತಿ ಕೇಳಿ. ಅವರನ್ನು ಹೊರಗೆ ಕಳಿಸುವ ಆತುರದಲ್ಲಿ ಅವರ ಚಿಂತೆಯನ್ನು ಅರ್ಧಕ್ಕೆ ಕತ್ತರಿಸಬೇಡಿ. ಆಮೇಲೆ ಇಬ್ಬರಿಗೂ ಕೇಳಿಸುವಂತೆ ಹೇಳಿ: "ಈ ವಯಸ್ಸಿನ ಎಲ್ಲ ಮಕ್ಕಳ ಜೊತೆಗೂ ನಾನು ಸ್ವಲ್ಪ ಹೊತ್ತು ಒಂಟಿಯಾಗಿ ಮಾತಾಡ್ತೀನಿ. ಆಮೇಲೆ ನಿಮ್ಮನ್ನು ಒಳಗೆ ಕರೀತೀನಿ." 'ಎಲ್ಲ ಮಕ್ಕಳ' ಎಂಬುದು ಮುಖ್ಯ. ಇಲ್ಲದಿದ್ದರೆ ತಮ್ಮ ಮಗಳ ಮೇಲೇ ಡಾಕ್ಟರಿಗೆ ಏನೋ ಅನುಮಾನ ಎಂದು ತಾಯಿಗೆ ಅನಿಸುತ್ತದೆ. ಜ್ವರಕ್ಕೆ ಬಂದ ಹುಡುಗನ ಹತ್ತಿರವೂ ಎರಡು ನಿಮಿಷ ಹೀಗೇ ಮಾತಾಡಿದರೆ, ನಿಜವಾಗಿ ಬೇಕಾದ ದಿನ ಅದು ಹೊಸದು ಅನಿಸುವುದಿಲ್ಲ.

ತಾಯಿ ಹೊರಗೆ ಹೋದ ಕೂಡಲೇ ಪ್ರಶ್ನೆ ಶುರುಮಾಡಬೇಡಿ. ಗುಟ್ಟು ಕಾಯುವ ಬಗ್ಗೆ ಮೊದಲು ಹೇಳಿ ಮುಗಿಸಿ. "ನೀನು ಹೇಳಿದ್ದು ಇಲ್ಲೇ ಇರುತ್ತೆ. ಆದರೆ ನಿನ್ನ ಜೀವಕ್ಕೆ ಅಪಾಯ ಅನಿಸಿದರೆ, ಬೇರೆಯವರಿಗೆ ಅಪಾಯ ಅನಿಸಿದರೆ, ನಿನ್ನ ಮೇಲೆ ಯಾರಾದರೂ ದೌರ್ಜನ್ಯ ಮಾಡಿದ್ದರೆ ನಾನು ಸುಮ್ನೆ ಇರೋಕಾಗಲ್ಲ. ಆಗಲೂ ನಿನಗೆ ಹೇಳಿಯೇ ಮುಂದಿನ ಹೆಜ್ಜೆ ಇಡ್ತೀನಿ." ಇದನ್ನು ನಿಮ್ಮದೇ ಭಾಷೆಯಲ್ಲಿ, ಹಿಂದಿ ಮರಾಠಿ ಬೆರೆಸಿಯಾದರೂ ಸರಿ, ಕನ್ನಡಿಯ ಮುಂದೆ ನಿಂತು ಹೇಳಿ ನೋಡಿ. ಮೊದಲ ಸಲ ತೊದಲುತ್ತೀರಿ.

"ಎಲ್ಲವನ್ನೂ ಗುಟ್ಟಾಗಿ ಇಡ್ತೀನಿ" ಎಂದು ಮಾತ್ರ ಭಾಷೆ ಕೊಡಬೇಡಿ. ಕೆಲವರು ಒಳ್ಳೆಯ ಮನಸ್ಸಿನಿಂದಲೇ ಹಾಗೆ ಹೇಳಿ ಸಿಕ್ಕಿಹಾಕಿಕೊಳ್ಳುತ್ತಾರೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಯುವ 2012ರ ಪೋಕ್ಸೊ ಕಾಯ್ದೆಯಲ್ಲಿ 18 ತುಂಬದ ಪ್ರತಿಯೊಬ್ಬರೂ ಮಕ್ಕಳೇ. ಇಬ್ಬರಿಗೂ ಒಪ್ಪಿಗೆ ಇತ್ತು ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಅಪರಾಧ ನಡೆದಿದೆ ಎಂದು ತಿಳಿದರೆ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ ಆಗಬಹುದು. 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ಸಣ್ಣ ದಾರಿ ತೋರಿಸಿತು. ಗರ್ಭಪಾತಕ್ಕೆ ಬಂದ ಅಪ್ರಾಪ್ತ ಹುಡುಗಿಯೂ ಅವಳ ಪೋಷಕರೂ ಕೇಳಿಕೊಂಡರೆ ಆ ವರದಿಯಲ್ಲಿ ವೈದ್ಯರು ಅವಳ ಗುರುತು ಹೇಳಬೇಕಿಲ್ಲ. ನಾನು ವಕೀಲೆಯಲ್ಲ. ನಿಮ್ಮ ಎದುರಿಗಿರುವ ಪ್ರಕರಣಕ್ಕೆ ಏನು ಅನ್ವಯ ಎಂಬುದನ್ನು ಆಸ್ಪತ್ರೆಯ ಕಾನೂನು ಸಲಹೆಗಾರರಲ್ಲಿ ಕೇಳಿ. ತರಬೇತಿಯಲ್ಲಿ ಈ ಭಾಗಕ್ಕೆ ಒಂದು ಗಂಟೆಯಾದರೂ ಇಲ್ಲದಿದ್ದರೆ ಆ ತರಬೇತಿಗೆ ದುಡ್ಡು ಕಟ್ಟಬೇಡಿ.

ಪುರುಷ ಡಾಕ್ಟರುಗಳ ಭಯವೂ ನನಗೆ ಗೊತ್ತು. "ಹುಡುಗಿ ಜೊತೆ ಒಬ್ಬನೇ ಕೂತರೆ ನಾಳೆ ಯಾರಾದರೂ ಏನಾದರೂ ಅಂದರೆ?" ಅದು ಸುಮ್ಮನೆ ಭಯವಲ್ಲ. ಒಂಟಿಯಾಗಿ ಮಾತಾಡುವುದೆಂದರೆ ಚಿಲಕ ಹಾಕಿಕೊಳ್ಳುವುದಲ್ಲ. ಬಾಗಿಲು ಅರ್ಧ ತೆರೆದಿರಲಿ, ಸಿಸ್ಟರ್ ಕಣ್ಣಳತೆಯಲ್ಲಿ ಇರಲಿ, ಮಾತು ಮಾತ್ರ ಕೇಳಿಸದಿರಲಿ. ಮೈ ಮುಟ್ಟಿ ಪರೀಕ್ಷೆ ಮಾಡುವಾಗ ಸಿಸ್ಟರ್ ಒಳಗೇ ಇರಬೇಕು. ನಮ್ಮ ಮುಂಬೈ ಕ್ಲಿನಿಕ್ಕುಗಳಲ್ಲಿ ಪ್ಲೈವುಡ್ ಗೋಡೆಯ ಆಚೆ ಕೂತವರಿಗೆ ಸ್ಟೆತೊಸ್ಕೋಪ್ ಇಲ್ಲದೆಯೇ ಎಲ್ಲ ಕೇಳುತ್ತದೆ. ಹೊರಗೆ ಟಿವಿ ಹಾಕಿಡಿ. ಧಾರಾವಾಹಿಯಿಂದ ಅಷ್ಟಾದರೂ ಉಪಯೋಗವಾಗಲಿ.

ನಮ್ಮ ಕನ್ನಡದವರಲ್ಲಿ ಇನ್ನೊಂದು ತೊಡಕಿದೆ. ತಾಯಿ ನನ್ನ ಜೊತೆ ಕನ್ನಡದಲ್ಲೋ ತುಳುವಿನಲ್ಲೋ ಮಾತು ಶುರುಮಾಡಿದರೆ, ಯಾವ ಊರು, ಯಾರ ಮನೆ ಎಂಬಲ್ಲಿಂದ ಆರಂಭ. ಎರಡು ನಿಮಿಷದಲ್ಲಿ ಯಾರೋ ಪರಿಚಯದವರು ಸಿಗುತ್ತಾರೆ. ನಮಗಿಬ್ಬರಿಗೂ ಖುಷಿ. ಪಕ್ಕದಲ್ಲಿ ಕೂತ ಹುಡುಗಿಗೆ ಮಾತ್ರ ಎದೆ ಧಸಕ್ ಎನ್ನುತ್ತದೆ. ಈ ಡಾಕ್ಟರ್ ಆಂಟಿ ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ಅಮ್ಮನಿಗೆ ಸಿಗುವವರು! ನಮ್ಮ ಆಪ್ತತೆಯೇ ಅವಳ ಬಾಯಿಗೆ ಬೀಗ. ಅದಕ್ಕೇ ಕನ್ನಡದ ಕುಟುಂಬದ ಮಕ್ಕಳಿಗೆ ನಾನು ಬಿಡಿಸಿಯೇ ಹೇಳುತ್ತೇನೆ, ಹೊರಗೆ ಎಲ್ಲಿ ಸಿಕ್ಕರೂ ಕ್ಲಿನಿಕ್ಕಿನ ಮಾತು ಎತ್ತುವುದಿಲ್ಲ, "ಹುಷಾರಾಗಿದ್ದೀಯಾ" ಎಂದೂ ಕೇಳುವುದಿಲ್ಲ ಎಂದು.

ತಾಯಿಯೇ ಇಲ್ಲದೆ ಬರುವವರೂ ಇದ್ದಾರೆ. ಊರಿನಿಂದ ಬಂದು ಹೋಟೆಲಿನಲ್ಲಿ ಕೆಲಸಕ್ಕಿರುವ ಹುಡುಗರನ್ನು ಸೇಟುಗಳೇ, ಅಂದರೆ ಹೋಟೆಲ್ ಮಾಲೀಕರೇ, ಕರೆತರುತ್ತಾರೆ. ಒಳ್ಳೆಯವರೇ, ಖರ್ಚೂ ಅವರದೇ. ಆದರೆ ರಾತ್ರಿ ನಿದ್ದೆ ಬರುವುದಿಲ್ಲ ಎನ್ನುವ ಹುಡುಗ ಸಂಬಳ ಕೊಡುವವರ ಎದುರು ಏನು ಹೇಳುತ್ತಾನೆ? ಅಲ್ಲಿ ಹೊರಗೆ ಕೂರಬೇಕಾದವರು ಸೇಟು. ಅವರು ತಾಯಿಗಿಂತ ಬೇಗ ಎದ್ದು ಹೊರಗೆ ಹೋಗುತ್ತಾರೆ ಎನ್ನುವುದು ನನ್ನ ಅನುಭವ. ಅವರಿಗೆ ಫೋನ್ ಬರುತ್ತಲೇ ಇರುತ್ತದೆ.

ಇದೆಲ್ಲ ಓದಿದರೆ ಬರುವುದಿಲ್ಲ. ಈಜು ಕಲಿತ ಹಾಗೇ, ನೀರಿಗೆ ಇಳಿಯಲೇಬೇಕು. ನಮ್ಮ ತರಬೇತಿಯಲ್ಲಿ ಅದಕ್ಕಾಗಿ ರೋಲ್ ಪ್ಲೇ ಇಡುತ್ತೇವೆ, ಮತ್ತು ಆ ಹೊತ್ತಿಗೆ ಸರಿಯಾಗಿ ಹಿರಿಯ ಡಾಕ್ಟರುಗಳಿಗೆ ತುರ್ತು ಕರೆ ಬರುತ್ತದೆ. ಒಮ್ಮೆ ಒಬ್ಬ ಹಿರಿಯರು ಉಳಿದರು. ಕುಂದಾಪುರ ಕಡೆಯ ಸಿಸ್ಟರ್ ಒಬ್ಬರು ಹತ್ತನೇ ಕ್ಲಾಸಿನ ಹುಡುಗನಾದರು. ಕುರ್ಚಿಯಲ್ಲಿ ಜಾರಿ ಕೂತು, ಮೊಬೈಲ್ ನೋಡುತ್ತಾ, ಎಲ್ಲದಕ್ಕೂ "ಹ್ಞೂಂ", "ಪತಾ ನಹೀ" (ಗೊತ್ತಿಲ್ಲ). ಡಾಕ್ಟರರು ಒಂದು ನಿಮಿಷ ತಡೆದುಕೊಂಡರು. ಆಮೇಲೆ ಶುರುವಾಯಿತು. "ನೋಡಪ್ಪ, ಮೊದಲು ಆ ಮೊಬೈಲ್ ಒಳಗಿಡು. ನಿಮ್ಮಪ್ಪ ಎಷ್ಟು ಕಷ್ಟಪಟ್ಟು..." ಸಿಸ್ಟರ್ ತಲೆಯನ್ನೇ ಎತ್ತಲಿಲ್ಲ. ಮುಗಿದ ಮೇಲೆ ಅವರನ್ನು ಕೇಳಿದೆವು, ಏನನಿಸಿತು? "ನನಗೆ ನಿಜವಾಗ್ಲೂ ಎದ್ದು ಹೋಗ್ಬೇಕು ಅನಿಸಿತು ಡಾಕ್ಟ್ರೇ. ನಾನೂ ವಾರ್ಡಿನಲ್ಲಿ ಇದನ್ನೇ ಮಾಡ್ತೇನೆ." ಆ ಹಿರಿಯರು ನಗಲಿಲ್ಲ. ಇನ್ನೊಮ್ಮೆ ಮಾಡೋಣ ಎಂದರು. ಎರಡನೇ ಸಲವೂ ಅಪ್ಪನ ಕಷ್ಟ ಬಂತು, ಸ್ವಲ್ಪ ತಡವಾಗಿ. ಅಂಥವರ ಬಗ್ಗೆ ನನಗೆ ತುಂಬ ಪ್ರೀತಿ.

ಇದು ನನ್ನೊಬ್ಬಳ ಹಟ ಅಲ್ಲ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಲೀನಾ ಸ್ಯಾನ್ಸಿ ಮತ್ತು ಸಂಗಡಿಗರು 108 ಸಾಮಾನ್ಯ ವೈದ್ಯರನ್ನು ಎರಡು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ಆರು ವಾರ, ವಾರಕ್ಕೆ ಎರಡೂವರೆ ಗಂಟೆಯ ತರಬೇತಿ. ಹದಿಹರೆಯದವರಂತೆ ನಟಿಸುವವರ ಜೊತೆ ಮಾತಾಡಿಸಿಯೇ ಪರೀಕ್ಷೆ. 2000ರಲ್ಲಿ ಬಂದ ಫಲಿತಾಂಶದಲ್ಲಿ ತರಬೇತಿ ಪಡೆದವರ ಕೌಶಲ ಹೆಚ್ಚಿತ್ತು. ಐದು ವರ್ಷದ ನಂತರ ನೋಡಿದಾಗಲೂ ಅದು ಹೆಚ್ಚುಕಡಿಮೆ ಉಳಿದಿತ್ತು. ಇನ್ನು ಗುಟ್ಟಿನ ಮಾತಿಗೆ ಬಂದರೆ, 1997ರಲ್ಲಿ ಕ್ಯಾಲಿಫೋರ್ನಿಯಾದ ಶಾಲಾ ಮಕ್ಕಳ ಅಧ್ಯಯನ ಇದೆ. ಗುಟ್ಟು ಕಾಯುತ್ತೇವೆ ಎಂಬ ಭರವಸೆ ಸಿಕ್ಕವರಲ್ಲಿ ಶೇ 67 ಮಂದಿ ಆ ಡಾಕ್ಟರ ಹತ್ತಿರ ಮತ್ತೆ ಬರುತ್ತೇವೆ ಎಂದರು. ಸಿಗದವರಲ್ಲಿ ಶೇ 53. ಅಮೆರಿಕದ ಲೆಕ್ಕ ಮುಂಬೈ ಪಕ್ಕದ ನಮ್ಮ ಕಲ್ಯಾಣ್ ಊರಿಗೆ ಹಾಗೇ ಹೊಂದುತ್ತದೆ ಎನ್ನಲಾರೆ. ಆದರೆ ನಮ್ಮ ಮಕ್ಕಳು ಅದಕ್ಕಿಂತ ಹೆಚ್ಚು ಬಾಯಿಬಿಡುತ್ತಾರೆ ಎಂದೂ ನನಗೆ ಅನಿಸುವುದಿಲ್ಲ.

ಎಲ್ಲಿ ಕಲಿಯುವುದು? ಮಕ್ಕಳ ತಜ್ಞರಿಗೆ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್‌ನ ಅಡಾಲಸೆಂಟ್ ಹೆಲ್ತ್ ಅಕಾಡೆಮಿ ಇದೆ. ಸಮ್ಮೇಳನದ ಜೊತೆ ನಡೆಯುವ ಸಣ್ಣ ಕಾರ್ಯಾಗಾರಗಳಿಗೆ ಹೋಗಿ, ದೊಡ್ಡ ಸಭಾಂಗಣದ ಭಾಷಣ ಬಿಟ್ಟರೂ ನಡೆಯುತ್ತದೆ. ಸರ್ಕಾರಿ ಕೆಲಸದಲ್ಲಿರುವವರಿಗೆ 2014ರ ಜನವರಿಯಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ತರಬೇತಿ ಉಂಟು. ಮಹಾರಾಷ್ಟ್ರದಲ್ಲಿ ಅದರ ಕ್ಲಿನಿಕ್ಕುಗಳ ಹೆಸರು ಮೈತ್ರಿ. ಆಪ್ತ ಸಲಹೆ ಕಲಿಯುವವರಿಗೆ ಮುಂಬೈ ದೇವನಾರ್‌ನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಇದೆ, 2012ರಲ್ಲಿ ಐಕಾಲ್ ಎಂಬ ಫೋನ್ ಸಲಹಾ ಸೇವೆ ಹುಟ್ಟಿದ್ದೂ ಅಲ್ಲೇ. ಬೆಂಗಳೂರಿನ ನಿಮ್ಹಾನ್ಸ್‌ನ 'ಸಂವಾದ್' 2020ರಿಂದ ಕಷ್ಟದಲ್ಲಿರುವ ಮಕ್ಕಳ ಜೊತೆ ಕೆಲಸ ಮಾಡುವವರಿಗೆ ಕಲಿಸುತ್ತಿದೆ. ಆನ್‌ಲೈನ್ ತರಗತಿಗಳೂ ಇವೆ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ತಂದ ಹದಿಹರೆಯದವರ ಚಿಕಿತ್ಸೆಯ ಕೈಪಿಡಿ ಪುಕ್ಕಟೆ ಸಿಗುತ್ತದೆ, ಮೇಜಿನ ಮೇಲೆ ಇರಲಿ.

ನನಗೆ ಎಲ್ಲಕ್ಕಿಂತ ಇಷ್ಟವಾದ ಪದ್ಧತಿ ಗೋವಾದ ಸಂಗಾತ್ ಸಂಸ್ಥೆಯದು. 1996ರಿಂದ ಇರುವ ಈ ಸಂಸ್ಥೆ ಡಾಕ್ಟರುಗಳಲ್ಲದ ಸಾಮಾನ್ಯ ಜನರನ್ನೇ ಸಲಹೆಗಾರರಾಗಿ ತಯಾರು ಮಾಡುತ್ತದೆ. ಒಪ್ಪಿಗೆ ಪಡೆದು ಮಾತುಕತೆಯನ್ನು ರೆಕಾರ್ಡ್ ಮಾಡುತ್ತಾರೆ. ಆಮೇಲೆ ಗುಂಪಿನಲ್ಲಿ ಕೂತು ಕೇಳಿ, ಒಬ್ಬರು ಇನ್ನೊಬ್ಬರಿಗೆ ಅಂಕ ಕೊಡುತ್ತಾರೆ. ಇದೇ ಸಂಸ್ಥೆ ಬಿಹಾರದ 74 ಶಾಲೆಗಳಲ್ಲಿ ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಮಕ್ಕಳ ಆರೋಗ್ಯದ ಕಾರ್ಯಕ್ರಮವನ್ನು ತರಬೇತಿ ಪಡೆದ ಸಲಹೆಗಾರರು ನಡೆಸಿದಲ್ಲಿ ಶಾಲೆಯ ವಾತಾವರಣ ಸುಧಾರಿಸಿತು. ಅದೇ ಕಾರ್ಯಕ್ರಮವನ್ನು ಶಿಕ್ಷಕರು ನಡೆಸಿದಲ್ಲಿ ಸುಧಾರಿಸಲಿಲ್ಲ. ಪದವಿ ಇದ್ದ ಮಾತ್ರಕ್ಕೆ ಈ ಕೆಲಸ ಬರುತ್ತದೆ ಎಂದುಕೊಂಡವರು ಇದನ್ನು ಓದಬೇಕು.

ಶುಲ್ಕ, ದಿನಾಂಕ ಬದಲಾಗುತ್ತಿರುತ್ತವೆ, ಅವರನ್ನೇ ಕೇಳಿ. ಕೇಳುವಾಗ ಇದನ್ನೂ ಕೇಳಿ: ನನ್ನ ಕೈಲಿ ಮಾತಾಡಿಸುತ್ತೀರಾ? ನನ್ನ ತಪ್ಪು ತೋರಿಸುವವರು ಯಾರು? ಮುಗಿದ ಮೇಲೆ ಕಷ್ಟದ ಕೇಸ್ ಬಂದರೆ ಯಾರಿಗೆ ಫೋನ್ ಮಾಡಲಿ? ಸಾಯುವ ಯೋಚನೆ ಬಗ್ಗೆ ಕೇಳುವುದನ್ನು ಅಭ್ಯಾಸ ಮಾಡಿಸುತ್ತೀರಾ? ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂದು ಈಗಲೂ ನಂಬಿರುವ ಸಹೋದ್ಯೋಗಿಗಳು ಇದ್ದಾರೆ. ಹುಟ್ಟುವುದಿಲ್ಲ. ಕೇಳಿ, ಮತ್ತು 14416, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ನಂಬರ್ ಬರೆದುಕೊಡಿ. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು.

ಇನ್ನೊಂದು ಮಾತು. ಡಾಕ್ಟರು ಎಷ್ಟೇ ಕಲಿತು ಬಂದರೂ, ಹೊರಗೆ ಕೌಂಟರಿನಲ್ಲಿ ಕೂತವರು ಹತ್ತು ಜನರ ಎದುರು "ಏನಾಗಿದೆ? ಪಿರಿಯಡ್ ಪ್ರಾಬ್ಲಮ್ಮಾ?" ಎಂದು ಕೂಗಿದರೆ ಆ ಹುಡುಗಿ ಒಳಗೆ ಬರುವ ಹೊತ್ತಿಗೇ ಮುದುಡಿರುತ್ತಾಳೆ. ಅವರನ್ನು ಬಯ್ದು ಪ್ರಯೋಜನವಿಲ್ಲ, ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಹಾಗಾಗಿ ನಮ್ಮ ತರಬೇತಿಗೆ ಡಾಕ್ಟರು ಬರುವುದಾದರೆ ಕೌಂಟರಿನವರನ್ನೋ ಕಾಂಪೌಂಡರನ್ನೋ ಜೊತೆಗೆ ಕರೆತರಬೇಕು ಎಂದು ಷರತ್ತು ಹಾಕಿದ್ದೇವೆ. ಅವರಿಗೆ ಶುಲ್ಕವಿಲ್ಲ, ಊಟ ಉಂಟು. ಇದಕ್ಕೆ ಬರುವ ಮೊದಲ ಪ್ರಶ್ನೆ, ಭಾನುವಾರ ಅವರಿಗೆ ರಜೆಯಲ್ವಾ, ಆ ದಿನದ ಸಂಬಳ ಯಾರು ಕೊಡುತ್ತಾರೆ? ನೀವೇ ಕೊಡಬೇಕು ಡಾಕ್ಟ್ರೇ.