ಪದ ಪರಿಚಯ: ಇಸಿ50 ಮತ್ತು ಕಡಲ ಅರ್ಚಿನ್

ಕೃಷ್ಣೆಯಲ್ಲೋ ಘಟಪ್ರಭೆಯಲ್ಲೋ ಮೀನು ಸತ್ತು ತೇಲಿದಾಗ ಮಾತ್ರ ನಮ್ಮ ಕಡೆ ನೀರಿನ ವಿಷದ ಮಾತು ಏಳುತ್ತದೆ. ಮೀನು ಬದುಕಿದ್ದರೆ ನೀರು ಸರಿಯಿದೆ ಎಂದು ನಂಬುವುದು ರೂಢಿ. ಕಾನೂನೂ ಬಹಳ ದೂರ ಹೋಗಿಲ್ಲ. 1986ರ ಪರಿಸರ ಸಂರಕ್ಷಣಾ ನಿಯಮಗಳ ಅಡಿಯ ಮಾನದಂಡದಂತೆ, ಹೊರಬಿಡುವ ತ್ಯಾಜ್ಯನೀರಿನಲ್ಲಿ ಇರಿಸಿದ ಮೀನುಗಳ ಪೈಕಿ ಶೇ 90ರಷ್ಟು 96 ಗಂಟೆಗಳ ನಂತರವೂ ಜೀವಂತ ಇರಬೇಕು. ಮೀನು ಮೊಟ್ಟೆ ಇಟ್ಟಿತೇ, ಮರಿ ನೆಟ್ಟಗೆ ಬೆಳೆಯಿತೇ ಎಂದು ಆ ಪರೀಕ್ಷೆ ಕೇಳುವುದಿಲ್ಲ. ಅದನ್ನು ಕೇಳುವ ಅಳತೆಯ ಹೆಸರು ಇಸಿ50.

ಪರೀಕ್ಷೆಗೆ ಒಳಪಡಿಸಿದ ಜೀವಿಗಳ ಪೈಕಿ ಅರ್ಧದಷ್ಟರಲ್ಲಿ ನಾವು ಗಮನಿಸುತ್ತಿರುವ ಪರಿಣಾಮ ಯಾವ ಸಾಂದ್ರತೆಯಲ್ಲಿ ಕಾಣಿಸುತ್ತದೋ ಆ ಸಾಂದ್ರತೆಯೇ ಇಸಿ50. ಗಮನಿಸುವ ಪರಿಣಾಮ ಸಾವೇ ಆಗಿದ್ದರೆ ಅದನ್ನು ಎಲ್‌ಸಿ50 ಎನ್ನುತ್ತಾರೆ. ಅರ್ಧದಷ್ಟು ಪ್ರಾಣಿಗಳನ್ನು ಕೊಲ್ಲುವ ವಿಷದ ಪ್ರಮಾಣ (ಡೋಸ್) ಇವುಗಳ ಹತ್ತಿರದ ಸಂಬಂಧಿ, ಅದರ ಹೆಸರು ಎಲ್‌ಡಿ50. ವಿಜಯಪುರದ ದ್ರಾಕ್ಷಿ ಬೆಳೆಗಾರರು ತರುವ ಕೀಟನಾಶಕದ ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ಗುರುತುಗಳು ನಿಂತಿರುವುದು ಅದರ ಮೇಲೆ. ಮೂರರಲ್ಲೂ ಸಂಖ್ಯೆ ಚಿಕ್ಕದಾದಷ್ಟೂ ವಿಷ ತೀಕ್ಷ್ಣ. ಇದನ್ನು ತಿರುವುಮುರುವಾಗಿ ಓದುವವರು ಬಹಳ.

ಇಸಿ50 ಕಂಡುಹಿಡಿಯಲು ವಿಜ್ಞಾನಿಗಳು ಮತ್ತೆ ಮತ್ತೆ ಮೊರೆಹೋಗುವ ಪ್ರಾಣಿ ಕಡಲ ಅರ್ಚಿನ್. ನಕ್ಷತ್ರಮೀನಿನಂತೆ ಇದೂ ಕಂಟಕಚರ್ಮಿ, ಅಂದರೆ ಮುಳ್ಳುಚರ್ಮದ ಕಡಲ ಪ್ರಾಣಿಗಳ ಗುಂಪಿನದು. ನೋಡಲು ಮದಗುಣಿಕೆಯ ಕಾಯಿಯ ಹಾಗೆ ದುಂಡಗೆ, ಮೈತುಂಬ ಮುಳ್ಳು. ಸುಮಾರು 950 ಪ್ರಭೇದಗಳಿವೆ, ಒಂದೂ ಸಿಹಿನೀರಿನಲ್ಲಿ ಬದುಕುವುದಿಲ್ಲ. ಆದ್ದರಿಂದ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ವಿದ್ಯಾರ್ಥಿಗಳು ಇದನ್ನು ಕಾಣುವುದು ಪ್ರಾಣಿಶಾಸ್ತ್ರ ವಿಭಾಗದ ಗಾಜಿನ ಕಪಾಟಿನಲ್ಲಿ. ಐದು ದಿಕ್ಕಿನ ಸಮಾಂಗತೆ, ಬಾಯಿಯಲ್ಲಿರುವ ಅರಿಸ್ಟಾಟಲನ ಲಾಂದ್ರ ಎಂಬ ಐದು ಹಲ್ಲಿನ ದವಡೆ, ಇವೆರಡನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿ ಮುಂದೆ ಸಾಗುತ್ತಾರೆ. ಈ ಪ್ರಾಣಿಯ ಹಿರಿಮೆಯೇ ಅಲ್ಲಿ ತಪ್ಪಿಹೋಗುತ್ತದೆ ಎಂಬ ಕೊರಗು ನನಗಿದೆ. ವೀರ್ಯಾಣು ಮತ್ತು ಅಂಡದ ಕೋಶಕೇಂದ್ರಗಳು ಒಂದಾಗುವುದನ್ನು ಆಸ್ಕರ್ ಹರ್ಟ್‌ವಿಗ್ 1876ರಲ್ಲಿ ವರ್ಣಿಸಿದ್ದು ಅರ್ಚಿನ್ ಅಂಡ ನೋಡಿ. ಕೋಶವಿಭಜನೆಯನ್ನು ನಡೆಸುವ ಸೈಕ್ಲಿನ್ ಪ್ರೋಟೀನು ಟಿಮ್ ಹಂಟ್ ಅವರಿಗೆ 1982ರಲ್ಲಿ ಸಿಕ್ಕಿದ್ದೂ ಅರ್ಚಿನ್ ಅಂಡಗಳಲ್ಲೇ; 2001ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ಬಂತು.

ವಿಷಪರೀಕ್ಷೆಗೆ ಅರ್ಚಿನ್ ಒಗ್ಗುವುದಕ್ಕೂ ಈ ಅಂಡಗಳೇ ಕಾರಣ. ಬಾಯಿಯ ಸುತ್ತಲಿನ ಮೆತ್ತಗಿನ ಪೊರೆಯ ಮೂಲಕ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ ಚುಚ್ಚಿದರೆ ಪ್ರಾಣಿ ಕೆಲವೇ ನಿಮಿಷಗಳಲ್ಲಿ ಅಂಡ ಅಥವಾ ವೀರ್ಯ ಬಿಡುತ್ತದೆ. ಒಂದು ಹೆಣ್ಣಿನಿಂದ ಲಕ್ಷಗಟ್ಟಲೆ ಅಂಡ. ಫಲೀಕರಣ ನಡೆಯುವುದು ದೇಹದ ಹೊರಗೆ, ಬರಿಯ ಕಡಲ ನೀರಿನಲ್ಲಿ. ಹಾಗಾಗಿ ಬೀಕರಿನಲ್ಲಿಯೂ ನಡೆಯುತ್ತದೆ. ಪರೀಕ್ಷೆಯ ಮೊದಲ ಬಗೆಯಲ್ಲಿ ವೀರ್ಯಾಣುಗಳನ್ನು ಸಂಶಯದ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ಆಮೇಲೆ ಅಂಡ ಸೇರಿಸುತ್ತಾರೆ. ವೀರ್ಯಾಣು ಒಳಹೊಕ್ಕ ಅಂಡದ ಸುತ್ತ ಒಂದು ಪೊರೆ ಮೇಲೆದ್ದು ನಿಲ್ಲುತ್ತದೆ, ಸೂಕ್ಷ್ಮದರ್ಶಕದಲ್ಲಿ ಅದು ನಿಚ್ಚಳವಾಗಿ ಕಾಣುತ್ತದೆ. ನೂರು ಅಂಡಗಳಲ್ಲಿ ಎಷ್ಟಕ್ಕೆ ಪೊರೆ ಎದ್ದಿದೆ ಎಂದು ಎಣಿಸಿದರೆ ಫಲಿತಾಂಶ ಕೈಯಲ್ಲಿರುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ವಿಧಾನದಲ್ಲಿ ಇದಕ್ಕೆ ಹಿಡಿಯುವ ಸಮಯ ಒಂದು ಗಂಟೆ 20 ನಿಮಿಷ.

ಎರಡನೆಯ ಬಗೆ ನನಗೆ ಹೆಚ್ಚು ಮುಖ್ಯ. ಫಲಿತ ಅಂಡವನ್ನು ಬೇರೆ ಬೇರೆ ಪ್ರಮಾಣದಲ್ಲಿ ತೆಳುಗೊಳಿಸಿದ ನೀರಿನಲ್ಲಿ 48ರಿಂದ 72 ಗಂಟೆ ಬೆಳೆಯಲು ಬಿಡುತ್ತಾರೆ. ಶುದ್ಧ ಕಡಲ ನೀರಿನಲ್ಲಿ ಅದು ಪ್ಲೂಟಿಯಸ್ ಎಂಬ ಲಾರ್ವಾ ಆಗುತ್ತದೆ: ಪಾರದರ್ಶಕ ಮೈ, ಒಳಗೆ ಸುಣ್ಣದ ಕಡ್ಡಿಗಳು, ಎರಡೂ ಬದಿಗೆ ಸಮನಾದ ತೋಳುಗಳು. ಲೋಹವೋ ಕೀಟನಾಶಕವೋ ಬೆರೆತಿದ್ದರೆ ತೋಳು ಗಿಡ್ಡವಾಗುತ್ತದೆ, ಕಡ್ಡಿ ಸೊಟ್ಟಗಾಗುತ್ತದೆ, ಕೆಲವೊಮ್ಮೆ ಬೆಳವಣಿಗೆಯೇ ನಡುವೆ ನಿಂತುಬಿಡುತ್ತದೆ. ಲಿಥಿಯಂ ಬೆರೆಸಿದ ನೀರಿನಲ್ಲಿ ಭ್ರೂಣದ ಕರುಳು ಒಳಮುಖವಾಗಿ ಬೆಳೆಯುವ ಬದಲು ಹೊರಕ್ಕೆ ಚಾಚಿಕೊಳ್ಳುವುದನ್ನು ಕರ್ಟ್ ಹರ್ಬ್‌ಸ್ಟ್ 1892ರಷ್ಟು ಹಿಂದೆಯೇ ತೋರಿಸಿದ್ದರು. ಇಂಥ ಎಷ್ಟೋ ಭ್ರೂಣಗಳು ಎಣಿಸುವ ಹೊತ್ತಿಗೆ ಬದುಕಿಯೇ ಇರುತ್ತವೆ. ಸಾವನ್ನಷ್ಟೇ ಲೆಕ್ಕ ಹಾಕುವ ಪರೀಕ್ಷೆಯಲ್ಲಿ ಅವು ಉತ್ತೀರ್ಣ.

ತಾಮ್ರದ ಉದಾಹರಣೆ ನೋಡಿ. ಅರ್ಚಿನ್ ಭ್ರೂಣದ ಬೆಳವಣಿಗೆಗೆ ತಾಮ್ರದ ಇಸಿ50 ಸಾಮಾನ್ಯವಾಗಿ ಸಿಗುವುದು ಲೀಟರಿಗೆ ಕೆಲವು ಹತ್ತು ಮೈಕ್ರೋಗ್ರಾಂಗಳ ಆಸುಪಾಸಿನಲ್ಲಿ. ನಮ್ಮ ದೇಶದ ಸಾಮಾನ್ಯ ಮಾನದಂಡದಂತೆ ಕರಾವಳಿಗೆ ಬಿಡುವ ತ್ಯಾಜ್ಯನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ, ಅಂದರೆ 3,000 ಮೈಕ್ರೋಗ್ರಾಂ ತಾಮ್ರ ಇರಬಹುದು. ಬಿಟ್ಟ ನೀರು ಕಡಲಿನಲ್ಲಿ ಹರಡಿ ತೆಳುವಾಗುತ್ತದೆ, ಒಪ್ಪಿದೆ. ಎಷ್ಟು ತೆಳುವಾದರೆ ಸಾಕು ಎಂಬ ಪ್ರಶ್ನೆಗೆ ಭ್ರೂಣದ ಪರೀಕ್ಷೆಯಿಂದಲೇ ಉತ್ತರ ಪಡೆಯಬೇಕು ಎಂಬುದು ನನ್ನ ವಾದ.

ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟುವ ಮಹದಾಯಿ ಗೋವಾದಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ಅದೇ ತಾಲ್ಲೂಕಿನ ಕಣಕುಂಬಿಯ ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಗೆ ಕೂಡಿ ಬಂಗಾಳಕೊಲ್ಲಿಯತ್ತ ನಡೆಯುತ್ತದೆ. ಇಂಥ ನದಿಗಳು ಕಡಲು ಸೇರುವ ಅಳಿವೆಯ ಉಪ್ಪುನೀರಿಗೆ ಅರ್ಚಿನ್ ಪರೀಕ್ಷೆ ಹೊಂದುತ್ತದೆ. ನದಿಯ ಸಿಹಿನೀರಿಗೆ ಉಪ್ಪು ಬೆರೆಸದೆ ಅರ್ಚಿನ್ ಬಳಸಲಾಗದು, ಬೆರೆಸಿದರೆ ಲೋಹಗಳ ವರ್ತನೆಯೇ ಬದಲಾಗುತ್ತದೆ. ಅಲ್ಲಿಗೆ ಡ್ಯಾಫ್ನಿಯಾ ಎಂಬ ನೀರಚಿಗಟ ಬೇಕು, ಇಲ್ಲವೇ ಜೀಬ್ರಾ ಮೀನಿನ ಭ್ರೂಣ.

ಅವೆರಡೂ ಸಿಗದ ಕಾಲೇಜಿಗೆ ಉಳ್ಳಾಗಡ್ಡಿ ಇದೆ. ಬಾಗಲಕೋಟೆ, ವಿಜಯಪುರದಲ್ಲಿ ಅದಕ್ಕೇನು ಬರ? ಆಲ್ಬರ್ಟ್ ಲೆವಾನ್ 1938ರಲ್ಲಿ ಆರಂಭಿಸಿದ ಈ ಪರೀಕ್ಷೆಯಲ್ಲಿ ಗಡ್ಡೆಯ ಬುಡ ನೀರಿಗೆ ತಾಗುವಂತೆ ಇರಿಸಿ, ಮೂರು ನಾಲ್ಕು ದಿನಗಳ ನಂತರ ಬೇರಿನ ಉದ್ದ ಅಳೆಯುತ್ತಾರೆ. ಶುದ್ಧ ನೀರಿನಲ್ಲಿ ಬೆಳೆದದ್ದಕ್ಕಿಂತ ಬೇರು ಅರ್ಧಕ್ಕೆ ಕುಗ್ಗುವ ಸಾಂದ್ರತೆ ಇಲ್ಲಿನ ಇಸಿ50. ಇಲ್ಲಿ ಅರ್ಧ ಎನ್ನುವುದು ಗಡ್ಡೆಗಳ ಎಣಿಕೆಗಲ್ಲ, ಬೆಳವಣಿಗೆಗೆ ಅನ್ವಯಿಸುತ್ತದೆ. ಆದ್ದರಿಂದ ವರದಿಯಲ್ಲಿ ಇಸಿ50 ಎಂದು ಬರೆಯುವಾಗ ಯಾವ ಜೀವಿ, ಯಾವ ಪರಿಣಾಮ, ಎಷ್ಟು ಗಂಟೆ ಎಂಬುದನ್ನೂ ಜೊತೆಗೆ ನಮೂದಿಸಬೇಕು.