ಮಗು ಸುಮ್ಮನಾಯಿತು, ಡೋಸ್ ಇಳಿಸಿದೆ

ಎಂಟು ವರ್ಷದ ಹುಡುಗ. ಗಮನ ನಿಲ್ಲದ, ಚಟುವಟಿಕೆ ವಿಪರೀತವಾಗುವ ಎಡಿಎಚ್‌ಡಿ ಎಂಬ ತೊಂದರೆಗೆ ಮಿಥೈಲ್‌ಫೆನಿಡೇಟ್ ಎಂಬ ಔಷಧಿ ಶುರು ಮಾಡಿ ಐದು ವಾರ ಆಗಿತ್ತು. ಶಾಲೆಯಿಂದ ಬಂದ ಚೀಟಿಯನ್ನು ತಂದೆ ನನ್ನ ಮೇಜಿನ ಮೇಲಿಟ್ಟರು. ‘ತುಂಬಾ ಸುಧಾರಿಸಿದ್ದಾನೆ, ಈಗ ಕೂತಲ್ಲಿಂದ ಏಳುವುದೇ ಇಲ್ಲ’ ಎಂದು ಟೀಚರ್ ಬರೆದಿದ್ದರು. ತಂದೆಯ ಮುಖದಲ್ಲಿ ನೆಮ್ಮದಿ ಇತ್ತು. ತಾಯಿ ಮಾತ್ರ ಏನೂ ಹೇಳಲಿಲ್ಲ. ಏಳುವ ಹೊತ್ತಿಗೆ ಮೆಲ್ಲಗೆ ಅಂದರು: ‘ಚಿತ್ರ ಬರೆಯುವಾಗ ಏನಾದರೂ ಹಾಡ್ತಾನೇ ಇರ್ತಿದ್ದ ಡಾಕ್ಟ್ರೇ. ಈಗ ಹಾಡಲ್ಲ.’

ಅವತ್ತೇ ಡೋಸ್ ಇಳಿಸಿದೆ.

ತಂದೆಗೆ ಅದು ಅರ್ಥವಾಗಲಿಲ್ಲ. ಇಷ್ಟು ಚೆನ್ನಾಗಿ ಕೆಲಸ ಮಾಡುತ್ತಿರುವ ಔಷಧಿಯನ್ನು ಯಾಕೆ ಕಡಿಮೆ ಮಾಡಬೇಕು? ಅವರ ಪ್ರಶ್ನೆ ತಪ್ಪಲ್ಲ. ಮಗ ತರಗತಿಯಲ್ಲಿ ಕುರ್ಚಿಯಿಂದ ಕುರ್ಚಿಗೆ ಹಾರುತ್ತಾನೆ ಎಂದು ಎರಡು ವರ್ಷ ದೂರು ಕೇಳಿ ಕೇಳಿ ಅವರು ಸೋತಿದ್ದರು. ಆದರೆ ಈ ಔಷಧಿ ಇರುವುದು ಮಕ್ಕಳನ್ನು ಸುಮ್ಮನಾಗಿಸಲು ಅಲ್ಲ. ಮಗು ಮಂಕಾಗಿದ್ದರೆ, ನಗು ಕಡಿಮೆಯಾಗಿದ್ದರೆ, ‘ಬೇರೆ ಯಾರೋ ಥರ ಇದ್ದಾನೆ’ ಎಂದು ಮನೆಯವರಿಗೆ ಅನ್ನಿಸಿದರೆ, ಹೆಚ್ಚಿನ ಸಲ ಡೋಸ್ ಜಾಸ್ತಿಯಾಗಿದೆ ಎಂದೇ ಅರ್ಥ. ಕೆಲವೊಮ್ಮೆ ಆ ಔಷಧಿಯೇ ಆ ಮಗುವಿಗೆ ಒಗ್ಗಿರುವುದಿಲ್ಲ.

ಯಾಕೆ ಹೀಗಾಗುತ್ತದೆ ಎಂದು ತಿಳಿಯಬೇಕಾದರೆ ಮಿದುಳಿನೊಳಗೆ ಸ್ವಲ್ಪ ಇಣುಕಬೇಕು. ಎರಡು ನರಕೋಶಗಳ ನಡುವೆ ಸಣ್ಣ ಸಂದು ಇರುತ್ತದೆ. ಒಂದು ಕೋಶ ಡೋಪಮಿನ್ ಅಥವಾ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕವನ್ನು ಆ ಸಂದಿಗೆ ಬಿಡುತ್ತದೆ. ಎದುರಿನ ಕೋಶ ಅದನ್ನು ಹಿಡಿದು ಸುದ್ದಿ ತಿಳಿದುಕೊಳ್ಳುತ್ತದೆ. ಉಳಿದದ್ದನ್ನು ಮೊದಲ ಕೋಶವೇ ವಾಪಸ್ ಎಳೆದುಕೊಳ್ಳುತ್ತದೆ. ಮಿಥೈಲ್‌ಫೆನಿಡೇಟ್ ಆ ವಾಪಸಾತಿಯ ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಇದೇ ತೊಂದರೆಗೆ ಕೊಡುವ ಆಂಫೆಟಮಿನ್ ಗುಂಪಿನ ಔಷಧಿಗಳು ಬಾಗಿಲಿಗೆ ಅಡ್ಡ ನಿಲ್ಲುವುದರ ಜೊತೆಗೆ ಒಳಗಿರುವುದನ್ನೂ ಹೊರಗೆ ತಳ್ಳುತ್ತವೆ. ಎರಡರಲ್ಲೂ ಫಲ ಒಂದೇ: ಸುದ್ದಿ ಗಟ್ಟಿಯಾಗಿ ತಲುಪುತ್ತದೆ.

ಹಣೆಯ ಹಿಂದಿನ ಮಿದುಳಿನ ಭಾಗಕ್ಕೆ ಇದು ತುಂಬಾ ಮುಖ್ಯ. ‘ಈಗ ಇದನ್ನು ಮಾಡು, ಅದನ್ನು ಆಮೇಲೆ’ ಎಂದು ನಮ್ಮನ್ನು ಹಿಡಿದು ನಿಲ್ಲಿಸುವುದು ಆ ಭಾಗ. ಅಲ್ಲಿ ಈ ರಾಸಾಯನಿಕಗಳು ಕಡಿಮೆಯಾದರೆ ಮನಸ್ಸು ಚದುರುತ್ತದೆ. ಸರಿಯಾದಷ್ಟಿದ್ದರೆ ನಿಲ್ಲುತ್ತದೆ. ಜಾಸ್ತಿಯಾದರೆ ಮತ್ತೆ ಕೆಡುತ್ತದೆ. ಗುಡ್ಡ ಹತ್ತಿದ ಹಾಗೆ. ತುದಿ ಮುಟ್ಟಿದ ಮೇಲೂ ಮುಂದೆ ನಡೆದರೆ ಆಚೆ ಕಡೆ ಇಳಿಯುತ್ತೀರಿ. ಹಾಡು ನಿಲ್ಲಿಸಿದ ಹುಡುಗ ಆಚೆ ಕಡೆ ಇಳಿದಿದ್ದ.

ಈ ಎರಡೂ ಬಗೆಯ ಔಷಧಿಗಳನ್ನು ಉತ್ತೇಜಕಗಳು ಎನ್ನುತ್ತಾರೆ. ‘ಮೊದಲೇ ಚಟುವಟಿಕೆ ಜಾಸ್ತಿ ಇರುವ ಮಗುವಿಗೆ ಉತ್ತೇಜಕ ಕೊಡೋದಾ?’ ಈ ಪ್ರಶ್ನೆ ಕೇಳದ ತಂದೆ ತಾಯಿ ಕಡಿಮೆ. ಉತ್ತೇಜನ ಸಿಗುವುದು ಮಿದುಳಿನ ಬ್ರೇಕಿಗೆ ಎಂದು ನಾನು ಹೇಳುತ್ತೇನೆ. ಬ್ರೇಕ್ ಗಟ್ಟಿಯಾದಾಗ ಗಾಡಿ ಹಿಡಿತಕ್ಕೆ ಬರುತ್ತದೆ.

ಇದು ಮೊದಲು ಕಣ್ಣಿಗೆ ಬಿದ್ದದ್ದು ಆಕಸ್ಮಿಕವಾಗಿ. ಅಮೆರಿಕದ ರೋಡ್ ಐಲೆಂಡ್‌ನ ಒಂದು ಮಕ್ಕಳ ಆಸ್ಪತ್ರೆಯಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯರಿದ್ದರು. ಮಿದುಳಿನ ಎಕ್ಸ್‌ರೇ ತೆಗೆಯಲು ಆಗ ಬೆನ್ನುಹುರಿಯ ಸುತ್ತಲಿನ ದ್ರವವನ್ನು ಹೊರತೆಗೆಯುತ್ತಿದ್ದರು. ಅದರಿಂದ ಮಕ್ಕಳಿಗೆ ವಿಪರೀತ ತಲೆನೋವು ಬರುತ್ತಿತ್ತು. ಅದಕ್ಕೆ ಏನಾದರೂ ಸಹಾಯವಾಗಬಹುದೆಂದು ಬ್ರಾಡ್ಲಿ ಬೆಂಜೆಡ್ರಿನ್ ಎಂಬ ಆಂಫೆಟಮಿನ್ ಕೊಟ್ಟು ನೋಡಿದರು. ತಲೆನೋವಿಗೆ ಹೇಳಿಕೊಳ್ಳುವಂಥ ಗುಣ ಕಾಣಲಿಲ್ಲ. ಆದರೆ ಕೆಲವು ಮಕ್ಕಳು ಇದ್ದಕ್ಕಿದ್ದಂತೆ ಲೆಕ್ಕ ಮಾಡತೊಡಗಿದರು, ಪಾಠದಲ್ಲಿ ಮನಸ್ಸಿಟ್ಟರು. ಆಮೇಲೆ ಅವರು 30 ಮಕ್ಕಳಿಗೆ ಕೊಟ್ಟು ಗಮನಿಸಿ 1937ರಲ್ಲಿ ಪ್ರಕಟಿಸಿದರು. ಸುಮಾರು ಅರ್ಧದಷ್ಟು ಮಕ್ಕಳ ಓದಿನಲ್ಲಿ ಎದ್ದು ಕಾಣುವ ಬದಲಾವಣೆ ಆಗಿತ್ತು. ಮಿಥೈಲ್‌ಫೆನಿಡೇಟ್ ಅನ್ನು 1944ರಲ್ಲಿ ತಯಾರಿಸಿದವರು ಸಿಬಾ ಕಂಪನಿಯ ಲಿಯಾಂಡ್ರೊ ಪ್ಯಾನಿಜಾನ್. ಅದಕ್ಕೆ ರಿಟಾಲಿನ್ ಎಂಬ ಮಾರಾಟದ ಹೆಸರು ಬಂದದ್ದು ಅವರ ಹೆಂಡತಿ ರೀಟಾ ಅವರಿಂದ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ‘ಔಷಧಿ ಕೊಟ್ಟು ನೋಡೋಣ, ಸರಿಹೋದರೆ ಎಡಿಎಚ್‌ಡಿ ಅಂತ ಗೊತ್ತಾಗುತ್ತೆ’ ಎನ್ನುವವರಿದ್ದಾರೆ. ಇದು ತಪ್ಪು. 1978ರಲ್ಲಿ ಅಮೆರಿಕದ ಮನೋವೈದ್ಯೆ ಜುಡಿತ್ ರಾಪೊಪೋರ್ಟ್ ಮತ್ತು ಜೊತೆಗಾರರು ಯಾವ ತೊಂದರೆಯೂ ಇಲ್ಲದ ಹುಡುಗರಿಗೆ ಒಂದು ಸಲ ಆಂಫೆಟಮಿನ್ ಕೊಟ್ಟರು. ಅವರ ಓಡಾಟವೂ ಕಡಿಮೆಯಾಯಿತು, ಗಮನವೂ ಹೆಚ್ಚಿತು. ಅಂದರೆ ಗುಳಿಗೆ ಕೆಲಸ ಮಾಡಿತು ಎನ್ನುವುದು ಕಾಯಿಲೆಗೆ ಸಾಕ್ಷಿಯಾಗುವುದಿಲ್ಲ. ಕಾಯಿಲೆಯನ್ನು ಗುರುತಿಸಬೇಕಾದದ್ದು ಮಗುವಿನ ಕಥೆಯಿಂದ. ಲಕ್ಷಣಗಳು 12 ವರ್ಷಕ್ಕೆ ಮೊದಲೇ ಶುರುವಾಗಿದ್ದವೇ? ಮನೆ, ಶಾಲೆ ಎರಡು ಕಡೆಯೂ ಇವೆಯೇ? ಅವುಗಳಿಂದ ಮಗುವಿನ ಬದುಕಿಗೆ ನಿಜವಾಗಿ ತೊಂದರೆ ಆಗುತ್ತಿದೆಯೇ? ನಿದ್ದೆಗೇಡು, ಕಿವಿ ಕೇಳದಿರುವುದು, ಓದುವ ತೊಂದರೆ, ಮನೆಯೊಳಗಿನ ಭಯ, ಇವೆಲ್ಲವೂ ಹೊರಗಿನಿಂದ ಎಡಿಎಚ್‌ಡಿ ಥರವೇ ಕಾಣಬಲ್ಲವು. ಇದನ್ನೆಲ್ಲ ಕೇಳಿ ತಿಳಿಯಲು ಹೊತ್ತು ಬೇಕು. ಹತ್ತು ನಿಮಿಷದಲ್ಲಿ ಬರೆದುಕೊಟ್ಟ ಚೀಟಿಯನ್ನು ನಾನು ನಂಬುವುದಿಲ್ಲ.

ಇನ್ನು ಡೋಸ್. ಮಗುವಿನ ತೂಕ ನೋಡಿ ಲೆಕ್ಕ ಹಾಕಿ ಕೊಡುತ್ತಾರೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಈ ಔಷಧಿಯಲ್ಲಿ ಆ ಲೆಕ್ಕ ಅಷ್ಟಾಗಿ ನಡೆಯುವುದಿಲ್ಲ. 40 ಕಿಲೋ ಹುಡುಗನಿಗೆ 10 ಮಿಲಿಗ್ರಾಂ ಸಾಕಾಗಬಹುದು, 22 ಕಿಲೋ ಹುಡುಗಿಗೆ ಅದಕ್ಕಿಂತ ಜಾಸ್ತಿ ಬೇಕಾಗಬಹುದು. ಹಾಗಾಗಿ ಸಾಮಾನ್ಯವಾಗಿ 5 ಮಿಲಿಗ್ರಾಂನಿಂದ ಶುರು ಮಾಡಿ, ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ಏರಿಸುತ್ತೇವೆ. ಪ್ರತಿ ಮೆಟ್ಟಿಲಲ್ಲೂ ನಿಂತು ನೋಡುತ್ತೇವೆ. ಈ ಗುಳಿಗೆಯ ಒಂದು ಒಳ್ಳೆಯ ಗುಣ ಅಂದರೆ ಉತ್ತರ ಬೇಗ ಸಿಗುತ್ತದೆ. ಮಾಮೂಲಿ ಗುಳಿಗೆ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಕೆಲಸ ಶುರು ಮಾಡಿ ಮೂರು ನಾಲ್ಕು ಗಂಟೆ ಇರುತ್ತದೆ. ನಿಧಾನವಾಗಿ ಬಿಡುಗಡೆಯಾಗುವ ಗುಳಿಗೆಗಳಲ್ಲಿ ಕೆಲವು 12 ಗಂಟೆಯವರೆಗೂ ಇರುತ್ತವೆ. (ಅಂಥ ಗುಳಿಗೆಯನ್ನು ಪುಡಿ ಮಾಡಿ ಕೊಡಬೇಡಿ. ದಿನವಿಡೀ ಬರಬೇಕಾದದ್ದು ಒಟ್ಟಿಗೆ ಬಂದುಬಿಡುತ್ತದೆ.)

ಡೋಸ್ ಹುಡುಕುವ ಈ ಕೆಲಸಕ್ಕೆ ಎಷ್ಟು ಬೆಲೆ ಇದೆ ಎಂದು ತೋರಿಸಿದ ಅಧ್ಯಯನ ಒಂದಿದೆ. ಎಡಿಎಚ್‌ಡಿಯ ಬೇರೆ ಬೇರೆ ಚಿಕಿತ್ಸೆಗಳನ್ನು ಹೋಲಿಸಿ 1999ರಲ್ಲಿ ಪ್ರಕಟವಾದ ಎಂಟಿಎ ಎಂಬ ಅಧ್ಯಯನದಲ್ಲಿ 7ರಿಂದ 9 ವರ್ಷದ 579 ಮಕ್ಕಳನ್ನು 14 ತಿಂಗಳು ಗಮನಿಸಿದರು. ಒಂದು ಗುಂಪಿಗೆ ಔಷಧಿ, ಇನ್ನೊಂದಕ್ಕೆ ನಡವಳಿಕೆಯ ತರಬೇತಿ, ಮೂರನೆಯದಕ್ಕೆ ಎರಡೂ. ನಾಲ್ಕನೆಯ ಗುಂಪಿನವರು ತಮ್ಮ ಊರಿನಲ್ಲಿ ಸಿಗುವ ಚಿಕಿತ್ಸೆಗೆ ಹೋದರು. ಚಂಚಲತೆ ಮತ್ತು ಗಮನದ ವಿಷಯದಲ್ಲಿ ಮೊದಲನೆಯ ಮತ್ತು ಮೂರನೆಯ ಗುಂಪು ಮುಂದಿದ್ದವು. ಇದನ್ನು ಎಲ್ಲರೂ ಹೇಳುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಬೇರೆ ವಿಷಯ. ನಾಲ್ಕನೆಯ ಗುಂಪಿನಲ್ಲೂ ಸುಮಾರು ಮೂರರಲ್ಲಿ ಎರಡು ಭಾಗ ಮಕ್ಕಳು ಔಷಧಿ ತೆಗೆದುಕೊಳ್ಳುತ್ತಿದ್ದರು. ಹೆಚ್ಚಿನವರಿಗೆ ಅದೇ ಥರದ ಗುಳಿಗೆಗಳು. ಆದರೂ ಅವರಿಗೆ ಅಷ್ಟು ಗುಣ ಕಾಣಲಿಲ್ಲ. ಮೊದಲ ಗುಂಪಿನ ಮಕ್ಕಳಿಗೆ ನಾಲ್ಕು ವಾರ ಬೇರೆ ಬೇರೆ ಡೋಸ್ ಕೊಟ್ಟು ಯಾವುದು ಸರಿ ಎಂದು ಹುಡುಕಿದ್ದರು. ಆಮೇಲೆ ಪ್ರತಿ ತಿಂಗಳು ಅರ್ಧ ಗಂಟೆ ವೈದ್ಯರು ಕೂತು ಮಾತಾಡುತ್ತಿದ್ದರು, ಟೀಚರ್ ಹತ್ತಿರವೂ ಕೇಳುತ್ತಿದ್ದರು. ಗುಳಿಗೆಯ ಜೊತೆ ಈ ಗಮನವೂ ಮಗುವಿಗೆ ಸಿಗಬೇಕು. ಔಷಧಿ ಬರೆದುಕೊಟ್ಟು ಆರು ತಿಂಗಳು ಬಿಟ್ಟು ಬನ್ನಿ ಎನ್ನುವುದು ಅರ್ಧ ಚಿಕಿತ್ಸೆ.

ಅದೇ ಅಧ್ಯಯನದ ಇನ್ನೊಂದು ಅಂಶವನ್ನೂ ಮುಚ್ಚಿಡಬಾರದು. ಔಷಧಿ ಮತ್ತು ತರಬೇತಿ ಎರಡೂ ಸಿಕ್ಕ ಮಕ್ಕಳಿಗೆ ಕೊನೆಯಲ್ಲಿ ದಿನಕ್ಕೆ ಸುಮಾರು 31 ಮಿಲಿಗ್ರಾಂ ಸಾಕಾಯಿತು. ಬರೀ ಔಷಧಿಯವರಿಗೆ ಸುಮಾರು 38 ಬೇಕಾಯಿತು. ಮೂರು ವರ್ಷದ ಹೊತ್ತಿಗೆ ಗುಂಪುಗಳ ನಡುವಿನ ವ್ಯತ್ಯಾಸವೇ ಮಾಯವಾಗಿತ್ತು. ಆ ಹೊತ್ತಿಗೆ ಅಂಥ ನಿಗಾ ನಿಂತಿತ್ತು, ಮಕ್ಕಳೂ ತಮ್ಮ ತಮ್ಮ ದಾರಿ ಹಿಡಿದಿದ್ದರು. ಒಮ್ಮೆ ಕೊಟ್ಟು ಮುಗಿಸುವ ಔಷಧಿ ಇದಲ್ಲ. ಗುಳಿಗೆ ಇರುವಷ್ಟು ಹೊತ್ತು ಮನಸ್ಸು ನಿಲ್ಲುತ್ತದೆ. ಆ ಹೊತ್ತಿನಲ್ಲಿ ಏನು ಕಲಿಯಬೇಕು, ಬ್ಯಾಗ್ ಹೇಗೆ ಜೋಡಿಸಬೇಕು, ಸಿಟ್ಟು ಬಂದಾಗ ಏನು ಮಾಡಬೇಕು, ಇದನ್ನು ನಾವೇ ಕಲಿಸಬೇಕು. ಶಾಲೆಗೆ ಹೋಗುವ ವಯಸ್ಸಿಗೆ ಮುಂಚಿನ ಪುಟ್ಟ ಮಕ್ಕಳಲ್ಲಂತೂ ಮೊದಲ ಹೆಜ್ಜೆ ತಂದೆ ತಾಯಿಗೆ ತರಬೇತಿ. ಗುಳಿಗೆಯ ಮಾತು ಆಮೇಲೆ.

ಅಡ್ಡ ಪರಿಣಾಮಗಳಲ್ಲಿ ಮೊದಲು ಕಾಣುವುದು ಹಸಿವು ಕಡಿಮೆಯಾಗುವುದು. ಮಧ್ಯಾಹ್ನದ ಡಬ್ಬಿ ಹಾಗೇ ವಾಪಸ್ ಬರುತ್ತದೆ. ಮಗು ಹಟ ಮಾಡುತ್ತಿದೆ ಎಂದು ಬೈಯಬೇಡಿ, ಆ ಹೊತ್ತಿಗೆ ಅದಕ್ಕೆ ನಿಜವಾಗಿಯೂ ಹಸಿವಾಗುವುದಿಲ್ಲ. ಗುಳಿಗೆಗೆ ಮೊದಲೇ ಬೆಳಗ್ಗೆ ಹೊಟ್ಟೆ ತುಂಬ ಕೊಡಿ. ಸಂಜೆ ಔಷಧಿ ಇಳಿದ ಮೇಲೆ ಹಸಿವು ಮರಳುತ್ತದೆ, ಮಲಗುವ ಮುಂಚೆ ಇನ್ನೊಂದು ಸಲ ಕೇಳಿದರೂ ಕೊಡಿ. ನಿದ್ದೆ ತಡವಾಗುವುದು ಎರಡನೆಯದು. ಗುಳಿಗೆಯನ್ನು ಇನ್ನೂ ಬೇಗ ಕೊಟ್ಟರೆ, ಅಥವಾ ಕಡಿಮೆ ಹೊತ್ತು ಇರುವ ಗುಳಿಗೆಗೆ ಬದಲಿಸಿದರೆ, ಎಷ್ಟೋ ಸಲ ಸರಿಹೋಗುತ್ತದೆ. ಮೊದಮೊದಲು ತಲೆನೋವು, ಹೊಟ್ಟೆನೋವು ಬರಬಹುದು. ಇವು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಹೋಗುತ್ತವೆ.

ಸಂಜೆಯ ಒಂದು ಗಂಟೆಯ ಬಗ್ಗೆ ತಾಯಂದಿರು ನನ್ನ ಹತ್ತಿರ ಜಾಸ್ತಿ ಹೇಳಿಕೊಳ್ಳುತ್ತಾರೆ. ಔಷಧಿ ಇಳಿಯುವ ಹೊತ್ತಿಗೆ ಮಗುವಿಗೆ ಸಣ್ಣದಕ್ಕೂ ಅಳು, ರೇಗಾಟ. ‘ಶಾಲೆಯಲ್ಲಿ ಚಿನ್ನ, ಮನೆಗೆ ಬಂದ ತಕ್ಷಣ ಬೆಂಕಿ’ ಎಂದು ಒಬ್ಬರು ಅಂದಿದ್ದರು. ಆ ತಾಯಿ ತನ್ನ ಬೆಳೆಸುವಿಕೆಯೇ ತಪ್ಪು ಎಂದುಕೊಂಡಿದ್ದರು. ತಪ್ಪು ಅವರದಾಗಿರಲಿಲ್ಲ. ಆ ಹೊತ್ತಿನಲ್ಲಿ ಹೋಮ್‌ವರ್ಕ್ ಇಟ್ಟುಕೊಳ್ಳಬೇಡಿ, ಸುಮ್ನೆ ಆಡಲು ಬಿಡಿ. ಅಷ್ಟರಿಂದ ಆಗದಿದ್ದರೆ ಡೋಸಿನ ಹೊತ್ತು ಬದಲಿಸುವ ದಾರಿ ಇದೆ.

ನಾಡಿ ಮತ್ತು ರಕ್ತದೊತ್ತಡ ಸ್ವಲ್ಪ ಏರುತ್ತವೆ. ಅದಕ್ಕೇ ಶುರು ಮಾಡುವ ಮೊದಲು ಮಗು ಆಡುವಾಗ ತಲೆಸುತ್ತಿ ಬಿದ್ದಿತ್ತೇ, ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲೇ ಹಠಾತ್ತಾಗಿ ಸತ್ತಿದ್ದರೇ ಎಂದು ಕೇಳುತ್ತೇವೆ. ಈ ಪ್ರಶ್ನೆ ಕೇಳಿ ಹೆದರಬೇಡಿ, ಆದರೆ ಮರೆಮಾಚದೆ ಉತ್ತರ ಕೊಡಿ. ಅಪರೂಪಕ್ಕೆ ಕೆಲವರಿಗೆ ಇಲ್ಲದ್ದು ಕಾಣಿಸುವುದು, ಕೇಳಿಸುವುದು, ವಿಪರೀತ ಅನುಮಾನ ಬರಬಹುದು. ಹಾಗಾದರೆ ಔಷಧಿ ನಿಲ್ಲಿಸಿ ಅವತ್ತೇ ವೈದ್ಯರಿಗೆ ಹೇಳಬೇಕು. ಎತ್ತರದ ವಿಷಯ: ವರ್ಷಗಟ್ಟಲೆ ಬಿಡದೆ ತೆಗೆದುಕೊಂಡ ಮಕ್ಕಳ ಎತ್ತರದಲ್ಲಿ ಸುಮಾರು ಒಂದೆರಡು ಸೆಂಟಿಮೀಟರ್ ವ್ಯತ್ಯಾಸ ಕಂಡಿದೆ. ಇದು ಸಣ್ಣದು, ಆದರೆ ಇದೆ. ಪ್ರತಿ ಭೇಟಿಯಲ್ಲೂ ನಾವು ಎತ್ತರ, ತೂಕ ಅಳೆಯುವುದು ಇದಕ್ಕೇ. ನಿಮ್ಮ ವೈದ್ಯರು ಅಳೆಯದಿದ್ದರೆ ನೀವೇ ಕೇಳಿ ಅಳೆಸಿ.

ಚಟ ಹಿಡಿಯುತ್ತದೆಯೇ? ಈ ಭಯಕ್ಕೆ ಕಾರಣವಿದೆ. ಇವು ಕಾನೂನಿನ ಕಟ್ಟುನಿಟ್ಟಿರುವ ಔಷಧಿಗಳು. ಪುಡಿ ಮಾಡಿ ಮೂಗಿನಿಂದ ಎಳೆದರೆ, ಚುಚ್ಚಿಕೊಂಡರೆ ಮಿದುಳಿಗೆ ಒಮ್ಮೆಲೇ ನುಗ್ಗಿ ಅಮಲು ಕೊಡುತ್ತವೆ. ಹೇಳಿದ ಡೋಸನ್ನು ಬಾಯಿಯಿಂದ ನುಂಗಿದಾಗ ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತವೆ. ಚಿಕ್ಕಂದಿನಲ್ಲಿ ಈ ಚಿಕಿತ್ಸೆ ಪಡೆದವರಲ್ಲಿ ಮುಂದೆ ಮಾದಕ ವಸ್ತುಗಳ ಚಟ ಹೆಚ್ಚಾಗಿ ಕಂಡಿಲ್ಲ. ಆದರೂ ಗುಳಿಗೆಯ ಡಬ್ಬಿ ದೊಡ್ಡವರ ಕೈಯಲ್ಲೇ ಇರಲಿ. ಹದಿಹರೆಯದವರು ಪರೀಕ್ಷೆಯ ಹೊತ್ತಿಗೆ ಗೆಳೆಯರಿಗೆ ಹಂಚುವುದುಂಟು.

ದೊಡ್ಡವರಿಗೂ ಎಡಿಎಚ್‌ಡಿ ಇರುತ್ತದೆ, ಅವರಿಗೂ ಈ ಔಷಧಿ ಕೆಲಸ ಮಾಡುತ್ತದೆ. ಸ್ವೀಡನ್‌ನಲ್ಲಿ 17,000ಕ್ಕೂ ಹೆಚ್ಚು ಜನರ ದಾಖಲೆ ನೋಡಿ 2014ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಎಡಿಎಚ್‌ಡಿ ಇರುವ ಗಂಡಸರಲ್ಲಿ, ಔಷಧಿ ತೆಗೆದುಕೊಳ್ಳುತ್ತಿದ್ದ ಅವಧಿಯಲ್ಲಿ ಗಂಭೀರ ರಸ್ತೆ ಅಪಘಾತಗಳ ಅಪಾಯ 58% ಕಡಿಮೆ ಇತ್ತು. ಗಮನ ಎಂದರೆ ಬರೀ ಮಾರ್ಕ್ಸ್ ಎಂದುಕೊಂಡವರಿಗೆ ನಾನು ಈ ಅಂಕಿಯನ್ನು ತೋರಿಸುತ್ತೇನೆ.

ಎಲ್ಲರಿಗೂ ಇದು ಹೊಂದುವುದಿಲ್ಲ. ಒಂದು ಗುಂಪಿನ ಔಷಧಿ ಒಗ್ಗದಿದ್ದರೆ ಇನ್ನೊಂದು ಗುಂಪಿನದು ಒಗ್ಗಬಹುದು. ಎರಡೂ ಬೇಡವಾದರೆ ಅಟೊಮಾಕ್ಸಟಿನ್‌ನಂಥ ಬೇರೆ ಔಷಧಿಗಳಿವೆ. ಅವುಗಳ ಗುಣ ಕಾಣಲು ವಾರಗಳು ಬೇಕು.

ಆ ಹುಡುಗನಿಗೀಗ ಹನ್ನೊಂದು. ಡೋಸ್ ಇಳಿಸಿದ ಎರಡನೇ ವಾರಕ್ಕೇ ಹಾಡು ಮರಳಿತ್ತು. ತರಗತಿಯಲ್ಲಿ ಆಗಾಗ ಎದ್ದು ನಿಲ್ಲುತ್ತಾನೆ, ಆದರೆ ಬರೆಯುವುದನ್ನು ಮುಗಿಸುತ್ತಾನೆ. ವರ್ಷಕ್ಕೊಮ್ಮೆ ಕೆಲವು ದಿನ ಗುಳಿಗೆ ನಿಲ್ಲಿಸಿ ಇನ್ನೂ ಬೇಕೇ ಎಂದು ನೋಡುತ್ತೇವೆ. ಈ ಸಲ ನಿಲ್ಲಿಸುವ ಮೊದಲು, ತಂದೆ ತಾಯಿಯನ್ನು ಹೊರಗೆ ಕೂರಿಸಿ, ಗುಳಿಗೆ ತಗೊಂಡಾಗ ಹೇಗನ್ನಿಸುತ್ತೆ ಎಂದು ಅವನನ್ನೇ ಕೇಳಿದೆ. ಸ್ವಲ್ಪ ಯೋಚಿಸಿ ಹೇಳಿದ: ‘ನಾನೇ ಇರ್ತೀನಿ. ಆದ್ರೆ ಟೀಚರ್ ಮಾತು ಕೊನೇವರೆಗೂ ಕೇಳ್ಸುತ್ತೆ.’

ಅದನ್ನು ಹಾಗೇ ಅವನ ಫೈಲಿನಲ್ಲಿ ಬರೆದಿಟ್ಟಿದ್ದೇನೆ, ಎತ್ತರ ಮತ್ತು ತೂಕದ ಪಕ್ಕದಲ್ಲಿ.