ಯಾಂಗ್‌ಝೌ ಕೋಟೆಯ ಶಿ ಕೆಫಾ: ಓದುವಾಗ ಮಾಡಿಕೊಂಡ ಟಿಪ್ಪಣಿ

ಚೀನಾವನ್ನು ಆಳಿದ ಮಿಂಗ್ ವಂಶ ಮುಗಿದದ್ದು 1644ರಲ್ಲಿ ಅಂತ ನಾವೆಲ್ಲ ಉರು ಹೊಡೆದಿರುತ್ತೇವೆ. ಆ ಏಪ್ರಿಲ್‌ನಲ್ಲಿ ಬಂಡಾಯಗಾರ ಲಿ ಝಿಚೆಂಗ್ ಬೀಜಿಂಗ್‌ಗೆ ನುಗ್ಗಿದ. ಚಕ್ರವರ್ತಿ ಚೊಂಗ್‌ಝೆನ್ ಅರಮನೆ ಹಿಂದಿನ ಗುಡ್ಡದಲ್ಲಿ ನೇಣು ಹಾಕಿಕೊಂಡ. ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. ದಕ್ಷಿಣದ ನಾನ್‌ಜಿಂಗ್ ಮಿಂಗ್‌ರ ಎರಡನೇ ರಾಜಧಾನಿ. ಅಲ್ಲೂ ಮಂತ್ರಿಗಳು, ಕಚೇರಿಗಳು ಎಲ್ಲ ಇದ್ದವು. ಅಲ್ಲಿನ ಯುದ್ಧಮಂತ್ರಿಯೇ ಶಿ ಕೆಫಾ.

ಇವನನ್ನು ಓದುವಾಗ ಎರಡು ಪ್ರಶ್ನೆ ಕಲಸಿಹೋಗುತ್ತವೆ. ಎಷ್ಟು ನಿಷ್ಠ ಅನ್ನುವುದು ಒಂದು, ಎಷ್ಟು ಸಮರ್ಥ ಅನ್ನುವುದು ಇನ್ನೊಂದು. ಮೊದಲನೆಯದರಲ್ಲಿ ತಕರಾರೇ ಇಲ್ಲ. ಎರಡನೆಯದಕ್ಕೆ ನಾನು ಅಷ್ಟು ಅಂಕ ಕೊಡಲಾರೆ.

ಸಿಂಹಾಸನಕ್ಕೆ ಯಾರು ಅನ್ನುವಲ್ಲೇ ಅವನು ಎಡವಿದ. ಮಿಂಗ್ ಮನೆತನದ ಫು ರಾಜಕುಮಾರ ಬೇಡ ಅಂತ ಅವನ ಏಳು ದೋಷಗಳನ್ನು ಪತ್ರದಲ್ಲಿ ಪಟ್ಟಿ ಮಾಡಿದ: ದುರಾಸೆ, ಹೆಣ್ಣಿನ ಚಟ, ಕುಡಿತ, ಪುಸ್ತಕ ಮುಟ್ಟದಿರುವುದು ಇತ್ಯಾದಿ. ಮಾ ಶಿಯಿಂಗ್ ಎಂಬ ಅಧಿಕಾರಿ ಸೇನಾನಿಗಳ ಬೆಂಬಲದಿಂದ ಅದೇ ರಾಜಕುಮಾರನನ್ನು ಪಟ್ಟಕ್ಕೇರಿಸಿದ. ಆ ಪತ್ರ ಮಾ ಕೈಯಲ್ಲೇ ಇತ್ತು! ಇನ್ನು ಆಸ್ಥಾನದಲ್ಲಿ ನಿಲ್ಲುವುದು ಹೇಗೆ? ಯಾಂಗ್‌ಜಿ ನದಿಯ ಉತ್ತರದ ರಕ್ಷಣೆಗೆಂದು ಶಿ ಕೆಫಾ ಯಾಂಗ್‌ಝೌಗೆ ಹೋದ. ಹೊರಗೆ ನೋಡಿದರೆ ದೊಡ್ಡ ಹೊಣೆ, ಒಳಗೆ ಎತ್ತಂಗಡಿ.

ಅವನ ಕೆಳಗೆ ನಾಲ್ವರು ಸೇನಾನಿಗಳು. ಒಬ್ಬರಿಗೊಬ್ಬರು ಆಗುತ್ತಿರಲಿಲ್ಲ. ಅವರಲ್ಲಿ ಗಾವ್ ಜಿಯೆ, ಊರಿನವರು ಒಳಗೆ ಬಿಡಲಿಲ್ಲ ಅಂತ ತಾನು ಕಾಯಬೇಕಾದ ಯಾಂಗ್‌ಝೌಗೇ ಮುತ್ತಿಗೆ ಹಾಕಿದ್ದವನು. ಅವನನ್ನು ಶಿ ಕೆಫಾ ಹೇಗೋ ಒಲಿಸಿಕೊಂಡ. 1645ರ ಆರಂಭದಲ್ಲಿ ಇನ್ನೊಬ್ಬ ಮಿಂಗ್ ಸೇನಾನಿಯೇ ಗಾವ್‌ನನ್ನು ಔತಣಕ್ಕೆ ಕರೆದು ಕೊಲ್ಲಿಸಿದ. ಇನ್ನೊಂದು ತಪ್ಪು ಲೆಕ್ಕಾಚಾರವೂ ಇತ್ತು. ಈಶಾನ್ಯದಿಂದ ಬಂದ ಮಂಚೂಗಳ ಚಿಂಗ್ ಸೇನೆ ಲಿ ಝಿಚೆಂಗ್‌ನನ್ನು ಓಡಿಸಿ ಬೀಜಿಂಗ್ ಹಿಡಿದಿತ್ತು. ಅವನನ್ನು ಪೂರ್ತಿ ಹೊಡೆಯಲು ಅದೇ ಸೇನೆ ನೆರವಾಗಬಹುದು ಅಂತ ನಾನ್‌ಜಿಂಗ್ ನಂಬಿತ್ತು, ಶಿ ಕೆಫಾ ಕೂಡ. ಅಷ್ಟರಲ್ಲಿ ಚಿಂಗ್ ರಾಜಪ್ರತಿನಿಧಿ ದೊರ್ಗೊನ್‌ನ ಪತ್ರ ಬಂತು: ಬೀಜಿಂಗ್ ಕಸಿದದ್ದು ದರೋಡೆಕೋರರಿಂದ, ಮಿಂಗ್‌ರಿಂದ ಅಲ್ಲ, ಶರಣಾಗಿ. ಶಿ ಕೆಫಾ ಮರ್ಯಾದೆಯಿಂದಲೇ ಆಗುವುದಿಲ್ಲ ಅಂತ ಉತ್ತರಿಸಿದ.

ಅವನು ಎಂಥ ಮನುಷ್ಯ ಅಂತ ತಿಳಿಯಲು ‘ಮಿಂಗ್ ಇತಿಹಾಸ’ ಎಂಬ ಗ್ರಂಥ ದಾಖಲಿಸಿದ ಒಂದು ರಾತ್ರಿ ಸಾಕು. ವರ್ಷದ ಕೊನೆಯ ದಿನ. ಮಧ್ಯರಾತ್ರಿವರೆಗೂ ಕಡತ ನೋಡಿ ಸುಸ್ತಾಗಿ ಸ್ವಲ್ಪ ಮದ್ಯ ಕೇಳಿದ. ಮಾಂಸವೆಲ್ಲ ಸೈನಿಕರಿಗೆ ಹಂಚಿಯಾಯಿತು ಅಂದ ಅಡುಗೆಯವನು. ಸರಿ, ಉಪ್ಪಿನಲ್ಲಿ ಹುದುಗಿಸಿದ ಸೋಯಾ ಕಾಳನ್ನೇ ನಂಜಿಕೊಂಡ. ಸತ್ತ ಚಕ್ರವರ್ತಿಯ ನೆನಪಾಗಿ ಅತ್ತ, ಮೇಜಿಗೆ ಒರಗಿ ಹಾಗೇ ನಿದ್ದೆ ಹೋದ. ಬೆಳಗಾಯಿತು, ಅಧಿಕಾರಿಗಳೆಲ್ಲ ಹೊರಗೆ ಕಾಯುತ್ತಿದ್ದರು. ಇಂಥ ನಿದ್ದೆ ಅವರಿಗೆ ಸಿಗುವುದೇ ಅಪರೂಪ ಅಂದ ನಗರಾಧಿಕಾರಿ ರೆನ್ ಮಿನ್‌ಯು, ನಾಲ್ಕನೇ ಜಾವದ ನಗಾರಿಯನ್ನೇ ಮತ್ತೆ ಬಾರಿಸಲು ಹೇಳಿದ. ಆ ಕಾಲದಲ್ಲಿ ರಾತ್ರಿಗೆ ಐದು ಜಾವ. ಅಂದರೆ ಇನ್ನೂ ಬೆಳಕು ಹರಿದಿಲ್ಲ ಅಂತ ಸುಳ್ಳು! ಎದ್ದ ಶಿ ಕೆಫಾ ಮೊದಲು ರೇಗಿದ, ಕಾರಣ ತಿಳಿದು ಸುಮ್ಮನಾದ.

1645ರ ವಸಂತದಲ್ಲಿ ವುಚಾಂಗ್‌ನ ಸೇನಾನಿ ಝುವೊ ಲಿಯಾಂಗ್‌ಯು ಮಾ ಶಿಯಿಂಗ್ ವಿರುದ್ಧ ದಂಡೆತ್ತಿ ನಾನ್‌ಜಿಂಗ್ ಕಡೆ ಹೊರಟ. ಮಾ ಗಡಿಯ ಸೇನೆಯನ್ನು ಅತ್ತ ಕರೆಸಿಕೊಂಡ. ಶಿ ಕೆಫಾನನ್ನೂ ಕರೆದು, ನದಿ ದಾಟಿ ಬಂದ ಮೇಲೆ ವಾಪಸ್ ಹೋಗು ಅಂದರು. ಇತ್ತ ಚಿಂಗ್ ರಾಜಕುಮಾರ ದೋಡೊನ ಸೇನೆ ಬಂದೇಬಿಟ್ಟಿತ್ತು, ಅದರಲ್ಲಿ ಪಕ್ಷ ಬದಲಿಸಿದ ಮಿಂಗ್ ಸೈನಿಕರೂ ಬೇಕಾದಷ್ಟು. ಶಿ ಕೆಫಾ ತಾಯಿಗೆ, ಹೆಂಡತಿಗೆ ಕೊನೆಯ ಪತ್ರ ಬರೆದಿಟ್ಟ. ಮೇ 20ರಂದು ಫಿರಂಗಿಗಳು ವಾಯುವ್ಯ ಮೂಲೆಯ ಗೋಡೆ ಒಡೆದವು. ಅವನು ಕುತ್ತಿಗೆ ಕೊಯ್ದುಕೊಂಡರೂ ಪ್ರಾಣ ಹೋಗಲಿಲ್ಲ. ಸಿಕ್ಕಿಬಿದ್ದಾಗ ತಾನೇ ದಂಡನಾಯಕ ಅಂತ ಕೂಗಿ ಹೇಳಿದ. ಶರಣಾಗಲು ಒಪ್ಪದ್ದಕ್ಕೆ ಕೊಂದರು. ರೆನ್ ಮಿನ್‌ಯು ಅಧಿಕಾರದ ಉಡುಪು ತೊಟ್ಟು ಕಚೇರಿಯಲ್ಲೇ ಕುಳಿತು ಸತ್ತ.

ಆಮೇಲೆ ನಡೆದ ಕಗ್ಗೊಲೆಗೆ ‘ಯಾಂಗ್‌ಝೌನ ಹತ್ತು ದಿನ’ ಅಂತಲೇ ಹೆಸರು. ಎಂಟು ಲಕ್ಷ ಜನ ಸತ್ತರು ಅನ್ನುವ ಅಂಕಿಯನ್ನು ಪರೀಕ್ಷೆಯಲ್ಲಿ ಸುಮ್ನೆ ಬರೆದುಬಿಡಬೇಡಿ, ಅದು ಅತಿಯಾಯಿತು ಅನ್ನುತ್ತಾರೆ ಇತಿಹಾಸಕಾರರು.

ಸೆಕೆಯಲ್ಲಿ ಕೊಳೆತ ಹೆಣಗಳ ನಡುವೆ ಶಿ ಕೆಫಾನ ಗುರುತು ಸಿಗಲಿಲ್ಲ. ಮರುವರ್ಷ ಮನೆಯವರು ಅವನ ನಿಲುವಂಗಿಯನ್ನೂ ಆಸ್ಥಾನದಲ್ಲಿ ಕೈಲಿ ಹಿಡಿಯುವ ಫಲಕವನ್ನೂ ಮೆಯ್‌ಹುವಾ ದಿಬ್ಬದಲ್ಲಿ ಹೂತರು. 1776ರಲ್ಲಿ ಚಿಂಗ್ ಚಕ್ರವರ್ತಿ ಚಿಯೆನ್‌ಲಾಂಗ್ ಅವನಿಗೆ ‘ಝೊಂಗ್‌ಝೆಂಗ್’ ಎಂಬ ಬಿರುದು ಕೊಟ್ಟ. ಅಂದರೆ ನಿಷ್ಠ, ನೇರ. ಅದೇ ಹೊತ್ತಿಗೆ, ಮಿಂಗ್ ಬಿಟ್ಟು ತನ್ನ ಅಜ್ಜಂದಿರ ಕಡೆ ಸೇರಿ ಅವರಿಗೆ ದೇಶ ಗೆದ್ದುಕೊಟ್ಟವರ ಹೆಸರುಗಳನ್ನು ‘ಎರಡು ದೊರೆಗಳ ಸೇವಕರು’ ಎಂಬ ಬೇರೆ ಪಟ್ಟಿಗೆ ಸೇರಿಸಲು ಹೇಳಿದ.